ನಾನು ಕಡಲಿಗೆ ಉರುಳಿಸಿದ ಉಲ್ಕೆ

ನನ್ನ ಮದುವೆಯಾದದ್ದು ತೊಂಬತ್ತೇಳರಲ್ಲಿ, ಕೋಟದ ಪಡುಕರೆಯಿಂದ ಮರವಂತೆಗೆ. ಎರಡೂ ಕಡಲ ಬದಿಯ ಊರು, ಎರಡೂ ಮೀನಿನ ಕಸುಬಿನ ಮನೆ. ಹಾಗಾಗಿ ಗಂಡನ ಮನೆಯಲ್ಲಿ ನನಗೆ ಹೊಸದಾಗಿ ಕಲಿಯಲಿಕ್ಕೆ ಏನೂ ಇರಲಿಕ್ಕಿಲ್ಲ ಎಂದು ಎಲ್ಲರೂ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ. ಕಡೆಯುವ ಕಲ್ಲಿನ, ಅಂದರೆ ರುಬ್ಬುವ ಕಲ್ಲಿನ, ಸಂಗತಿಯನ್ನು ಯಾರೂ ಹೇಳಿರಲಿಲ್ಲ.

ತವರಿನಲ್ಲಿ ನಾವು ಮಿಕ್ಸಿಗೆ ಒಗ್ಗಿಹೋಗಿದ್ದೆವು. ಮುಂಬೈಯಲ್ಲಿ ಹೋಟೆಲ್ ಕೆಲಸಕ್ಕಿದ್ದ ಅಣ್ಣ ನನ್ನ ಮದುವೆಗೂ ಒಂದು ತಂದುಕೊಟ್ಟಿದ್ದ. ಬಿಳಿಯದು, ಮೂರು ಜಾರಿನದು. ಅತ್ತೆ ಅದನ್ನು ಪೆಟ್ಟಿಗೆ ಸಮೇತ ತಿರುಗಿಸಿ ನೋಡಿ, "ಚಂದ ಇತ್ತ್" ಎಂದು ಹೊಗಳಿ, ಹಳೆಯ ಸೀರೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟರು.

"ಮಿಕ್ಸಿಯಂಗೆ ಅರೆದ್ರೆ ಕಾಯಿ ಬಿಸಿ ಆತ್ತ್ ಹೆಣೆ. ಸಾರ್ ರುಚಿ ಕೊಡುದಿಲ್ಲೆ."

ಹೆಣೆ ಎಂದರೆ ಹುಡುಗಿ. ಹುಡುಗಿಯ ಮಾತು ಅಲ್ಲಿಗೆ ಮುಗಿಯಿತು. ಮನೆಯ ಹಿಂದೆ, ಕಡಲಿಗೆ ಮುಖ ಮಾಡಿದ ಇಳಿಮಾಡಿನ ಕೆಳಗೆ ಕಡೆಯುವ ಕಲ್ಲು ಅರ್ಧ ನೆಲದಲ್ಲಿ ಹೂತು ಕೂತಿತ್ತು. ಅದರ ಗುಂಡು ಕರಿಶಿಲೆಯದು, ಎರಡೂ ಕೈಯಲ್ಲಿ ತಬ್ಬಿ ಎತ್ತಬೇಕಾದಷ್ಟು ಭಾರ. ಅತ್ತೆ ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಕಡೆದು ಕಡೆದು ಅದು ಕನ್ನಡಿಯ ಹಾಗೆ ನುಣುಪಾಗಿತ್ತು. ಬಂದ ಮೊದಲ ವಾರವೇ ನಾನು ತೊಳೆಯಲು ಹೋಗಿ ಅದನ್ನು ಮೆಟ್ಟಿಲ ಮೇಲೆ ಬೀಳಿಸಿದೆ. ಬುಡದ ಹತ್ತಿರ ಕತ್ತರಿಸಿದ ಉಗುರಿನ ಆಕಾರದಲ್ಲಿ ಒಂದು ಚೂರು ಹಾರಿಹೋಯಿತು. ಅತ್ತೆ ಬೈಯಲಿಲ್ಲ. ಕರುವಿಗೆ ಗಾಯವಾದರೆ ನೋಡುವ ಹಾಗೆ ಆ ಜಾಗವನ್ನು ಬೆರಳಿನಿಂದ ಸವರಿದರು, ಅಷ್ಟೆ. ಬೈದಿದ್ದರೆ ಒಳ್ಳೆಯದಿತ್ತು.

ಎರಡು ವರ್ಷ ಬೆಳಿಗ್ಗೆ ಎದ್ದು ಕಾಯಿ, ಮೆಣಸು, ಕೊತ್ತಂಬರಿ ಕಡೆದೆ. ಮಿಕ್ಸಿ ಕಪಾಟಿನ ಮೇಲಿನಿಂದ ನನ್ನನ್ನು ನೋಡುತ್ತಿತ್ತು.

ಮೂರನೆಯ ಮಳೆಗಾಲದಲ್ಲಿ ಕಡಲು ಹುಚ್ಚೆದ್ದಿತು. ನಮ್ಮಲ್ಲಿ ಅದು ಪ್ರತಿ ವರ್ಷದ ಕತೆಯೇ, ಆದರೆ ಆ ಸಲ ತೆರೆ ಹಿತ್ತಲಿನ ತೆಂಗಿನ ಬುಡದವರೆಗೂ ಬಂತು. ನಾಲ್ಕು ದಿನ ಹೊಳೆಯ ಆಚೆ ನಾದಿನಿಯ ಮನೆಯಲ್ಲಿ ಇರುವುದೆಂದು ತೀರ್ಮಾನವಾಯಿತು. ಗಂಡಸರು ಮಂಚ, ಕಪಾಟು ಸಾಗಿಸಿದರು. ಅತ್ತೆ ದೇವರ ಫೋಟೊಗಳನ್ನು ಬುಟ್ಟಿಯಲ್ಲಿಟ್ಟು ರಸ್ತೆಗೆ ಹೋಗಿ ನಿಂತರು. ಬೀಗ ಹಾಕಿ ಬರುವುದು ನನ್ನ ಪಾಲಿಗೆ ಬಂತು.

ಹಿಂಬಾಗಿಲು ಭದ್ರ ಮಾಡಲು ಹೋದವಳು ಗುಂಡನ್ನು ಕಂಡೆ. ಮಟಮಟ ಮಧ್ಯಾಹ್ನ. ಸುತ್ತ ಯಾರೂ ಇಲ್ಲ. ಎರಡು ನಿಮಿಷ ಯೋಚಿಸಿದೆ ಎಂದು ಬರೆದರೆ ಸುಳ್ಳಾದೀತು, ಯೋಚಿಸಲೇ ಇಲ್ಲ. ತಬ್ಬಿ ಎತ್ತಿ ಇಳಿಮಾಡಿನ ಹೊರಗಿಟ್ಟೆ. ಕಾಲಿನಿಂದ ಸ್ವಲ್ಪ ದೂಡಿದೆ. ಉಳಿದದ್ದನ್ನು ಇಳಿಜಾರೇ ನೋಡಿಕೊಂಡಿತು. ಉರುಳಿ ಹೋಗಿ ಮರಳಲ್ಲಿ ಒಮ್ಮೆ ನಿಂತಿತು. ಯಾರಾದರೂ ನೋಡಿದರೆ ಎಂದು ಎರಡೂ ಬದಿಯ ದಡ ನೋಡಿದೆ. ಆಗ ದೊಡ್ಡದೊಂದು ತೆರೆ ಬಂದು ಅದರ ಮೇಲೆ ಮಗುಚಿತು. ತೆರೆ ಹಿಂದೆ ಹೋದಾಗ ಅಲ್ಲಿ ಏನೂ ಇರಲಿಲ್ಲ. ನಾನು ಕಡಲಿಗೆ ಕೈ ಮುಗಿದು ಬೀಗ ಹಾಕಿಕೊಂಡು ಬಂದೆ.

ನಾಲ್ಕು ದಿನದ ಮೇಲೆ ಮರಳಿದಾಗ ಎರಡು ತೆಂಗಿನ ಮರ, ಇಳಿಮಾಡಿನ ಅರ್ಧ ಭಾಗ ನಿಜವಾಗಿಯೂ ಕಡಲಿಗೆ ಹೋಗಿದ್ದವು. ನನ್ನ ಪುಣ್ಯ. ಅತ್ತೆ ಮೊದಲು ಹೋದದ್ದು ಹಿಂಬದಿಗೆ.

"ಗುಂಡ್ ಎಲ್ಲಿ?"

"ಕಡಲ್ ತಕಂಡ್ ಹೋಯ್ತ್ ಕಾಂತ್ ಅತ್ತೆ."

ಅವರು ಕಡಲನ್ನು ನೋಡಿದರು, ಆಮೇಲೆ ಹೂತಲ್ಲೇ ಕದಲದೆ ಕೂತಿದ್ದ ಕಲ್ಲನ್ನು ನೋಡಿದರು. "ಕಲ್ಲ್ ಬಿಟ್ಟ್ ಗುಂಡ್ ಮಾತ್ರ ತಕಂಡ್ ಹೋಯ್ತಾ?" ಎಂದರು. ನನಗೆ ತಟ್ಟನೆ ಅಡುಗೆಮನೆಯಲ್ಲಿ ಬಹಳ ಕೆಲಸ ನೆನಪಾಯಿತು. ಆ ವಾರವೇ ಮಿಕ್ಸಿ ಕೆಳಗಿಳಿಯಿತು.

ಇನ್ನು ನಮ್ಮ ಮನೆಯವರ ವಿಷಯ ಹೇಳಬೇಕು. ಇವರಿಗೆ ಬೈಂದೂರು ಪೇಟೆಯಲ್ಲಿ ಟಿ.ವಿ., ರೇಡಿಯೊ ರಿಪೇರಿಯ ಸಣ್ಣ ಅಂಗಡಿ. ಕೈ ಚುರುಕು, ತಲೆ ಅದಕ್ಕಿಂತ ಚುರುಕು, ಆದರೆ ತಲೆಗೆ ಏನಾದರೂ ಹೊಕ್ಕರೆ ಹೊರಗೆ ತೆಗೆಯುವುದು ಕಷ್ಟ. ಅಂಗಡಿಯಲ್ಲಿ ಕೆಲಸ ಕಡಿಮೆಯಾದ ಹಾಗೆ ಇವರ ಪತ್ರಿಕೆ ಓದು ಹೆಚ್ಚಾಯಿತು. ಅದರಲ್ಲೂ ವಾರಕ್ಕೊಮ್ಮೆ ಬರುವ ವಿಜ್ಞಾನದ ಪುಟ. ಒಂದು ವಾರ ಕಪ್ಪುರಂಧ್ರ, ಇನ್ನೊಂದು ವಾರ ತಿಮಿಂಗಿಲದ ಹಾಡು. ಊಟಕ್ಕೆ ಕೂತಾಗ ನನಗೂ ಅತ್ತೆಗೂ ಪಾಠ.

ಎರಡು ಸಾವಿರದ ಎಂಟರಲ್ಲಿ, ಮಳೆ ಹಿಂದೆಗೆದ ಮೇಲೆ, ಒಂದು ಬೆಳಿಗ್ಗೆ ಇವರು ಕಡಲ ಬದಿಗೆ ತಿರುಗಾಡಲು ಹೋಗಿದ್ದರು. ಆ ಹೊತ್ತಿಗಾಗಲೇ ಕಡಲ ಕೊರೆತ ತಡೆಯಲಿಕ್ಕೆ ಅಂತ ಲಾರಿಗಟ್ಟಲೆ ಬಂಡೆ ತಂದು ದಡದುದ್ದಕ್ಕೂ ಸುರಿದಿದ್ದರು. ಆ ಬಂಡೆಗಳ ಸಂದಿಯಲ್ಲಿ ಒಂದು ಕಲ್ಲು ಇವರ ಕಣ್ಣಿಗೆ ಬಿತ್ತು. ಮನೆಗೆ ಬಂದು ಸ್ಕೂಟರ್ ತೆಗೆದುಕೊಂಡು ಹೋದರು. ಮಳೆಕೋಟಿನಲ್ಲಿ ಸುತ್ತಿ, ಕಾಲಿಡುವ ಜಾಗದಲ್ಲಿ ಇಟ್ಟುಕೊಂಡು ತಂದು, ಒಳಗಿನ ಒಳ್ಳೆಯ ಕುರ್ಚಿಯನ್ನು ಜಗಲಿಗೆ ಎಳೆದು ಅದರಲ್ಲಿ ಕೂರಿಸಿದರು. ನೆಂಟರು ಬಂದರೆ ಮಾತ್ರ ಹೊರಗೆ ಬರುವ ಕುರ್ಚಿ ಅದು.

ನಾನು ಚಾ ತಂದವಳು ಕಲ್ಲನ್ನು ಕಂಡೆ. ಕಪ್ಪಗಿತ್ತು, ಒಂದು ಬದಿ ಒಡೆದಿತ್ತು, ಮೊದಲಿಗಿಂತ ಸಣ್ಣದಾಗಿತ್ತು, ಅಲ್ಲಲ್ಲಿ ಕುಳಿ ಬಿದ್ದಿತ್ತು. ಆದರೆ ಬುಡದ ಹತ್ತಿರ ಕತ್ತರಿಸಿದ ಉಗುರಿನಂಥ ಗುರುತು, ಅಂಚು ಸವೆದಿದ್ದರೂ, ನನ್ನನ್ನೇ ನೋಡುತ್ತಿತ್ತು. ಚಾ ಅರ್ಧ ತಟ್ಟೆಗೆ ಚೆಲ್ಲಿತು.

"ಎಂತ ಅದ್?" ಎಂದೆ.

"ಮುಟ್ಬೇಡ," ಅಂದರು ಇವರು. "ಇದ್ ಆಕಾಶದ್ದ್. ಉಲ್ಕಾಶಿಲೆ. ಕಾಣ್, ಮೇಲೆ ಕಪ್ಪು ಸಿಪ್ಪೆ ಇತ್ತಲ್ದಾ, ಅದ್ ಗಾಳಿಯಂಗೆ ಉರ್ದ್ ಕರಗಿದ್ದ್. ಈ ಕುಳಿ ಕಾಣ್, ಹೆಬ್ಬೆರಳಲ್ಲಿ ಒತ್ತಿದ್ ಹಾಂಗೆ. ಪೇಪರಂಗೆ ಹಾಂಗೇ ಬರ್ದಿದ್ರ್."

ನಾನು ಆ ಕ್ಷಣವೇ ಹೇಳಬಹುದಿತ್ತು. ಬಾಯಿ ತೆರೆದದ್ದೂ ಹೌದು. ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದರು.

ಅವರಿಗೆ ಆಗ ಎಪ್ಪತ್ತರ ಹತ್ತಿರ. ಮೀನಿನ ಬುಟ್ಟಿ ತಲೆಯಿಂದ ಇಳಿಸಿ ಕೆಲವು ವರ್ಷ ಆಗಿತ್ತು, ಆದರೆ ಕಣ್ಣಿಗೆ ಎಂಥದೂ ಆಗಿರಲಿಲ್ಲ. ಕುರ್ಚಿಯ ಮುಂದೆ ಕೂತು, ಅಂಗೈಯನ್ನು ಕಲ್ಲಿನ ಮೇಲಿಟ್ಟು, ಒಂದು ಸುತ್ತು ನಿಧಾನಕ್ಕೆ ತಿರುಗಿಸಿದರು. ಕಡೆಯುವಾಗ ಕೈ ತಿರುಗುತ್ತದಲ್ಲ, ಅದೇ ದಿಕ್ಕಿಗೆ. ಬೆರಳು ಬುಡದ ಹತ್ತಿರ ಹೋಗಿ ನಿಂತಿತು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು.

"ಎಲ್ಲಿಂದ ಬಂದದ್ದ್ ಅಂದೆ ಮಾಣಿ?"

"ಆಕಾಶದಿಂದ ಅಬ್ಬಿ," ಎಂದರು ಇವರು ತಾಯಿಗೆ.

"ಹೌದಾ? ನಾನ್ ಕಡಲಿಂದ ಬಂದದ್ದೋ ಅಂದ್ಕಂಡೆ. ಅಲ್ದಾ ಹೆಣೆ?"

ನಾನು ಲೋಟ ತೆಗೆದುಕೊಂಡು ಒಳಗೆ ಓಡಿದೆ. ಇವರು ಇನ್ನೂ ಚಾ ಕುಡಿದಿರಲೇ ಇಲ್ಲ, ಅದೂ ನನ್ನ ಜೊತೆ ಒಳಗೆ ಬಂದಿತ್ತು.

ಅತ್ತೆ ಹಿಂದೆಯೇ ಬಂದರು. ಅಡುಗೆಮನೆಯ ಮಣೆ ಎಳೆದು ಕೂತು, "ಒಂಬತ್ ವರ್ಷ ಕಡಲಂಗೆ ಒಂದೇ ಇತ್ತ್, ಪಾಪ" ಎಂದರು.

"ನಿಮ್ಗೆ ಗೊತ್ತಿತ್ತಾ ಅತ್ತೆ?"

"ಬುಟ್ಟಿ ರಸ್ತೆ ಬದಿಯಂಗೆ ಇಟ್ಟ್, ದೇವರ ದೀಪ ಮರ್ತದ್ದ್ ನೆನಪಾಯಿ ವಾಪಸ್ ಬಂದಿದ್ದೆ. ಮನೆ ಮೂಲೆಯಂಗೆ ನಿಂತ್ಕಂಡ್ ಕಂಡೆ. ಕಾಲಂಗೆ ದೂಡ್ದೆ ಅಲ್ದಾ ನೀನ್? ಆಮೇಲೆ ಕೈ ಬೇರೆ ಮುಗ್ದೆ."

ನನಗೆ ನೆಲ ಬಿರಿದು ಒಳಗೆ ಹೋಗಬೇಕು ಅನ್ನಿಸಿತು. "ಮತ್ತೆ ಎಂತಕ್ಕೆ ಹೇಳ್ಲಿಲ್ಲೆ?"

"ನೀನಾಗೇ ಹೇಳ್ತೆ ಅಂದೇಳಿ ಕಾದೆ. ಹೇಳ್ಲಿಲ್ಲೆ. ಕಾಯ್ತಾ ಕಾಯ್ತಾ ನಂಗೂ ಮಿಕ್ಸಿ ಚಟ್ನಿ ರೂಢಿ ಆಯ್ತ್." ಅವರು ಎದ್ದು ಸೆರಗು ಕೊಡವಿದರು. "ಈಗ ಮಾಣಿಗೆ ಎಂತದೂ ಹೇಳ್ಬೇಡ. ನಾಲ್ಕ್ ದಿನ ಖುಷಿಯಂಗೆ ಇರ್ಲಿ. ನಂಗೂ ಹೊತ್ತ್ ಹೋಯ್ಕಲೆ."

ಹೀಗೆ ನಾನೂ ನನ್ನ ಅತ್ತೆಯೂ, ಮದುವೆಯಾಗಿ ಹನ್ನೊಂದು ವರ್ಷಕ್ಕೆ, ಮೊದಲ ಸಲ ಒಂದು ಪಕ್ಷವಾದೆವು.

ಇವರು ಪರೀಕ್ಷೆಗಳನ್ನು ಶುರು ಮಾಡಿದರು. ಮೊದಲನೆಯದು ಅಯಸ್ಕಾಂತ. ರಿಪೇರಿ ಅಂಗಡಿಯಲ್ಲಿ ಹಾಳಾದ ಸ್ಪೀಕರುಗಳಿಗೆ ಕೊರತೆಯೇ? ಒಂದರಿಂದ ಅಯಸ್ಕಾಂತ ಕಿತ್ತು ತಂದು, ದಾರ ಕಟ್ಟಿ ಕಲ್ಲಿನ ಪಕ್ಕ ನೇತುಬಿಟ್ಟರು. ಅದು ಒಂದಿಷ್ಟು, ಬಹಳ ಅಲ್ಲ, ಕಲ್ಲಿನ ಕಡೆಗೆ ವಾಲಿತು. ಇವರು ಕೂಗಿದ ಕೂಗಿಗೆ ಪಕ್ಕದ ಮನೆಯ ನಾಯಿ ಎದ್ದು ನಿಂತಿತು. ನಾನು ಬಾಯಿ ಬಿಟ್ಟು ನೋಡಿದೆ. ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ.

"ಅತ್ತೆ, ಅದ್ ನಿಜವಾಯಿ ಎಳೀತಿತ್ತಲೆ!" ಎಂದೆ ಒಳಗೆ ಹೋಗಿ.

"ನನ್ನ ಕಾಲದ್ ಕಲ್ಲ್," ಎಂದರು ಅತ್ತೆ. "ಗಟ್ಟಿ ಇತ್ತ್."

ಎರಡನೆಯದು ಗೀರು. ಹೊಳಪು ಬಳಿಯದ ಪಿಂಗಾಣಿಯ ಮೇಲೆ ಕಲ್ಲನ್ನು ಉಜ್ಜಬೇಕಂತೆ. ಕೆಂಪು ಗೀರು ಬಂದರೆ ಕಬ್ಬಿಣದ ಅದಿರು, ಗೀರೇ ಬಾರದಿದ್ದರೆ ಉಲ್ಕೆ ಆಗಿರಲಿಕ್ಕೂ ಸಾಕು. ಅಂಥ ಪಿಂಗಾಣಿ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಬುಡದಲ್ಲಿ ಮಾತ್ರ ಇತ್ತು. ಇವರು ನನ್ನನ್ನು ಕೇಳದೆ ಇಡೀ ವರ್ಷದ ಮಿಡಿ ಉಪ್ಪಿನಕಾಯಿಯನ್ನು ಪಾತ್ರೆಗೆ ಸುರಿದು, ಭರಣಿಯನ್ನು ಬೋರಲು ಹಾಕಿ, ಕಲ್ಲಿಗೆ ಉಜ್ಜಿದರು. ಗೀರು ಬೀಳಲಿಲ್ಲ. ಇವರಿಗೆ ಆನಂದ. ನನಗೆ ಉಪ್ಪಿನಕಾಯಿಯ ಚಿಂತೆ.

ಮೂರನೆಯದಕ್ಕೆ ಅತ್ತೆಯ ಮೀನಿನ ತಕ್ಕಡಿ ಅಟ್ಟದಿಂದ ಇಳಿಯಿತು. ಕಲ್ಲನ್ನು ಗಾಳಿಯಲ್ಲಿ ಒಮ್ಮೆ, ನೀರಿನೊಳಗೆ ಮುಳುಗಿಸಿ ಒಮ್ಮೆ ತೂಗಿದರೆ ಅದು ನೀರಿಗಿಂತ ಎಷ್ಟು ಪಟ್ಟು ಭಾರ ಎಂದು ಗೊತ್ತಾಗುತ್ತದಂತೆ. ತಕ್ಕಡಿಯ ದಂಡವನ್ನು ಜಗಲಿಯ ಅಡ್ಡೆಗೆ ಕಟ್ಟಿದರು. ನಾನು ಕೆಳಗೆ ನೀರಿನ ಬಾಲ್ದಿ ಹಿಡಿದು ಕುಕ್ಕರುಗಾಲಲ್ಲಿ ಕೂತೆ. ಕಲ್ಲು ತೊಟ್ಟಿಲಿನ ಕೂಸಿನ ಹಾಗೆ ಹಗ್ಗದಲ್ಲಿ ತೂಗಾಡುತ್ತ ಬಾಲ್ದಿಗೆ ಇಳಿಯಿತು. ಲೆಕ್ಕ ಹಾಕಿದಾಗ ಬರೀ ಮೂರು ಪಟ್ಟು ಬಂತು. ಪತ್ರಿಕೆಯಲ್ಲಿ ಅದಕ್ಕಿಂತ ಹೆಚ್ಚು ಇರಬೇಕೆಂದು ಬರೆದಿತ್ತು.

"ತಕ್ಕಡಿ ಹಳೇದ್," ಎಂದರು ಇವರು. "ಸರಿ ತೋರ್ಸುದಿಲ್ಲೆ."

ಅತ್ತೆ ಅಲ್ಲಿಯವರೆಗೆ ನಗುತ್ತ ಕೂತಿದ್ದವರು ಎದ್ದೇ ನಿಂತರು. "ಏ ಮಾಣಿ, ನಿನ್ ಕಲ್ಲಿಗೆ ಎಂತ ಬೇಕಾರೂ ಹೇಳ್. ನನ್ ತಕ್ಕಡಿಗೆ ಹೇಳುಕಿಲ್ಲೆ! ಮೂವತ್ ವರ್ಷ ಒಂದ್ ಮನೆಯವ್ರೂ ಅದ್ರ ಬಗ್ಗೆ ಮಾತಾಡ್ಲಿಲ್ಲೆ." ತಕ್ಕಡಿಯನ್ನು ಅಡ್ಡೆಯಿಂದ ಬಿಚ್ಚಿಸಿಕೊಂಡು ಒಳಗೆ ಹೋದರು. ಇವರು ಕಾಗದದ ಮೇಲೆ ಮೂರನ್ನು ಹೊಡೆದುಹಾಕಿ, 'ಸುಮಾರು ಮೂರೂವರೆ' ಎಂದು ಬರೆದುಕೊಂಡರು. ನಾನು ಕಣ್ಣಾರೆ ಕಂಡೆ.

ಅಷ್ಟರಲ್ಲಿ ಸುದ್ದಿ ಕೇರಿಗೆ ಹಬ್ಬಿತು. ಜನ ಬಂದು ನೋಡಿಹೋಗತೊಡಗಿದರು. ಮೂರು ಮನೆ ಆಚೆಗಿನ ಹೆಂಗಸೊಬ್ಬರು ಸ್ನಾನ ಮಾಡಿ, ಕೆಂಪು ದಾಸವಾಳ ತಂದು ಕಲ್ಲಿನ ತಲೆಯ ಮೇಲಿಟ್ಟು ಕೈ ಮುಗಿದರು. ಆಕಾಶದಿಂದ ಬಂದದ್ದಲ್ಲವೇ.

ಅತ್ತೆ ಗಂಭೀರವಾಗಿ, "ಇದಕ್ಕೆ ಹೂ ಸಾಕಾತಿಲ್ಲೆ. ಕಾಯಿಯೇ ಆಯ್ಕ್" ಎಂದರು.

ಆ ಹೆಂಗಸು ಪಾಪ, ಮಾರನೆಯ ದಿನ ಸುಲಿದ ತೆಂಗಿನಕಾಯಿ ತಂದರು. ನಾನು ಬಚ್ಚಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ಆ ಕಾಯಿಯನ್ನು ರಾತ್ರಿಯ ಸಾರಿಗೆ ಮಿಕ್ಸಿಯಲ್ಲೇ ಅರೆದದ್ದಾಯಿತು.

ಇವರ ಖುಷಿ ನೋಡಲು ಚಂದವೇ ಇತ್ತು. ಅಂಗಡಿಯಿಂದ ಬೇಗ ಬರುತ್ತಿದ್ದರು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಂಗಳ ಗುರು ಗ್ರಹಗಳ ನಡುವೆ ಕಲ್ಲುಗಳ ದೊಡ್ಡ ಗುಂಪು ಸುತ್ತುತ್ತಿರುವುದನ್ನು ಕೈ ತಿರುಗಿಸಿ ತೋರಿಸುತ್ತಿದ್ದರು. "ಇದ್ ಭೂಮಿಗಿಂತ ಹಳೇದ್ ಇಪ್ಪುಕೂ ಸಾಕ್," ಎನ್ನುತ್ತ ಮೆಲ್ಲ ಅದರ ಮೇಲೆ ಕೈಯಾಡಿಸುತ್ತಿದ್ದರು. ಇಂದು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ನಾನು ದಿನ ತಳ್ಳಿದೆ. ತಳ್ಳಿದಷ್ಟೂ ಹೇಳುವುದು ಕಷ್ಟವಾಯಿತು. ಅದು ಇವರಿಗೆ ಹೆದರಿ ಅಲ್ಲ. ಇಷ್ಟು ಉತ್ಸಾಹದಲ್ಲಿ ಇವರನ್ನು ನಾನು ಬಹಳ ಕಾಲದಿಂದ ಕಂಡಿರಲಿಲ್ಲ.

ಹನ್ನೊಂದನೆಯ ದಿನ, ಭಾನುವಾರ, ಬ್ರಹ್ಮಾವರದಿಂದ ಒಬ್ಬರು ಮೇಷ್ಟ್ರು ಬಂದರು. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾದವರು. ಅಂಗಡಿಗೆ ಬರುವ ಗಿರಾಕಿಯೊಬ್ಬರ ಮೂಲಕ ಇವರು ಅವರನ್ನು ಹಿಡಿದು, ಫೋನಿನಲ್ಲಿ ಕಾಡಿ ಬೇಡಿ ಒಪ್ಪಿಸಿದ್ದರು. ಬಸ್ಸಿಳಿದು ಬಿಸಿಲಲ್ಲಿ ಬಂದ ಮನುಷ್ಯ ನೀರು ಕುಡಿದು, ಅಂಗಿಯ ಕಿಸೆಯಿಂದ ಒಂದು ಪುಟ್ಟ ಭೂತಗನ್ನಡಿ ತೆಗೆದು ಕಲ್ಲನ್ನು ನೋಡತೊಡಗಿದರು. ಇವರು ಎಲ್ಲ ಪರೀಕ್ಷೆಗಳ ಫಲಿತಾಂಶ ಓದಿ ಹೇಳಿದರು. ಮೂರೂವರೆಯನ್ನೂ.

ಮೇಷ್ಟ್ರು ಒಳ್ಳೆಯವರು. ನಗಲಿಲ್ಲ. "ನೋಡಿ," ಎಂದರು, "ಅಯಸ್ಕಾಂತಕ್ಕೆ ವಾಲಿದ್ದು ಸರಿಯೇ. ಆದರೆ ನಮ್ಮ ಎಷ್ಟೋ ಕರಿಕಲ್ಲುಗಳ ಒಳಗೂ ಕಬ್ಬಿಣದ ಕಣ ಇರುತ್ತದೆ, ಅವೂ ಸ್ವಲ್ಪ ಎಳೆಯುತ್ತವೆ. ಉಲ್ಕೆಯ ಕಪ್ಪು ಸಿಪ್ಪೆ ಮೊಟ್ಟೆಯ ಓಡಿನಷ್ಟು ತೆಳು, ಒಡೆದ ಕಡೆ ಒಳಗಿನ ಬಣ್ಣ ಬೇರೆ ಕಾಣಬೇಕು. ನಿಮ್ಮದು ಒಡೆದ ಕಡೆಯೂ ಅದೇ ಬಣ್ಣ. ಒಂದು ಮೂಲೆ ಅರದಿಂದ ಉಜ್ಜಲಾ?"

ಇವರು ತಲೆಯಾಡಿಸಿದರು. ಮೇಷ್ಟ್ರು ಉಜ್ಜಿ, ಭೂತಗನ್ನಡಿಯನ್ನು ಇವರ ಕೈಗೇ ಕೊಟ್ಟರು.

"ಹೊಳೀತಿತ್ತ್ ಸರ್!"

"ಹೊಳೆಯುತ್ತದೆ. ಆದರೆ ಕಲ್ಲನ್ನು ತಿರುಗಿಸಿದರೆ ಹೊಳಪು ಹೋಗುತ್ತದೆ ನೋಡಿ. ಅದು ಹರಳಿನ ಮುಖ. ಲೋಹದ ಚೂರಾದರೆ ಹೇಗೆ ತಿರುಗಿಸಿದರೂ ಬೆಳ್ಳಿಯ ಹಾಗೆ ಹೊಳೆಯುತ್ತಲೇ ಇರುತ್ತದೆ."

ಇವರು ಬಹಳ ಹೊತ್ತು ತಿರುಗಿಸಿದರು. ಆಮೇಲೆ ಭೂತಗನ್ನಡಿಯನ್ನು ಮೆತ್ತಗೆ ಹಿಂದೆ ಕೊಟ್ಟರು. ಮೇಷ್ಟ್ರು ಕಲ್ಲನ್ನು ಬೋರಲು ಹಾಕಿ, ಬುಡದ ಮೇಲೆ ಬೆರಳಾಡಿಸಿ, ಹುಬ್ಬು ಗಂಟಿಕ್ಕಿದರು. "ಈ ಕುಳಿಗಳು ಸಾಲಾಗಿವೆ. ಇದು ಉಳಿಯ ಕಚ್ಚು. ಅಮ್ಮಾ, ನಿಮ್ಮಲ್ಲಿ ಕಡೆಯುವ ಕಲ್ಲು ಏನಾದರೂ ಇದೆಯಾ?"

ಅತ್ತೆ ಈ ಪ್ರಶ್ನೆಗೇ ಕಾದವರ ಹಾಗೆ ಎದ್ದರು. "ಬನ್ನಿ, ತೋರಿಸ್ತೆ."

ಹಿಂಬದಿಯಲ್ಲಿ ಹೂತಿದ್ದ ಕಲ್ಲಿನ ಕುಳಿಯಲ್ಲಿ ಕೋಳಿಗಳಿಗೆ ನೀರು ಇಡುತ್ತಿದ್ದೆವು. ಮೇಷ್ಟ್ರು ನೀರು ಚೆಲ್ಲಿ, ಇವರ ಕೈಯಿಂದಲೇ ಕಲ್ಲನ್ನು ಅದರೊಳಗೆ ಇಳಿಸಿದರು. ಸವೆದು ಒಡೆದು ಸಡಿಲವಾಗಿತ್ತು, ಆದರೂ ಒಗ್ಗಿ ಕೂತಿತು. ಮೂರು ಕೋಳಿಗಳು ನಿಂತು ನೋಡಿದವು.

"ಇದ್ ನಮ್ಮನೇದಾ?" ಎಂದರು ಇವರು ಅಬ್ಬಿಯ ಕಡೆ ತಿರುಗಿ.

"ನಿನ್ ಹೆಂಡ್ತಿ ಹತ್ರ ಕೇಳ್," ಎಂದರು ನನ್ನ ಪಕ್ಷದವರು.

ನಾನು ಹೇಳಿದೆ. ಮಿಕ್ಸಿಯಿಂದ ಹಿಡಿದು ಕಡಲಿಗೆ ಕೈ ಮುಗಿದಲ್ಲಿಯವರೆಗೆ ಎಲ್ಲವನ್ನೂ, ಪರವೂರಿನ ಮೇಷ್ಟ್ರ ಎದುರಿನಲ್ಲೇ. ಇವರು ಗುಂಡಿನ ಬಗ್ಗೆ ಏನೂ ಅನ್ನಲಿಲ್ಲ. "ನೀನ್ ಬಾಲ್ದಿ ಹಿಡ್ಕಂಡ್ ಕೂತಿದ್ದೆ. ಗೊತ್ತಿದ್ದೂ ಬಾಲ್ದಿ ಹಿಡ್ಕಂಡ್ ಕೂತಿದ್ದೆ," ಎಂದಷ್ಟೇ ಹೇಳಿ, ಹೋಗಿ ತೆಂಗಿನ ಬುಡದಲ್ಲಿ ಕಡಲಿಗೆ ಮುಖ ಮಾಡಿ ನಿಂತರು. ಅಲ್ಲಿಯವರೆಗೆ ತಮಾಷೆಯಾಗಿದ್ದದ್ದು ಒಮ್ಮೆಲೇ ತಮಾಷೆಯಾಗಿ ಉಳಿಯಲಿಲ್ಲ. ಅತ್ತೆ ನೆಲ ನೋಡಿದರು.

ಉಳಿಸಿದವರು ಮೇಷ್ಟ್ರು. ಇವರ ಪಕ್ಕ ಹೋಗಿ ನಿಂತು ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಕೆರಾಡಿಯ ಕಾಡಂಚಿನಿಂದ ಒಂದು ಭಾರದ ಕಪ್ಪು ಗಟ್ಟಿ ಹೆಕ್ಕಿ ತಂದು, ಉಲ್ಕೆಯೆಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಒಂದಿಡೀ ವರ್ಷ ವಿದ್ಯಾರ್ಥಿಗಳಿಗೆ ಪಾಠ ಮಾಡಿದ್ದರಂತೆ. ಅದು ಹಿಂದಿನವರು ಕಬ್ಬಿಣ ಕರಗಿಸಿ ಎಸೆದ ಕಿಟ್ಟ. "ಒಳಗೆಲ್ಲ ಗುಳ್ಳೆ ಗುಳ್ಳೆ ಇತ್ತು. ಉಲ್ಕೆಯಲ್ಲಿ ಹಾಗೆ ಗುಳ್ಳೆ ಇರುವುದಿಲ್ಲ ಎಂದು ನಾನೇ ಪಾಠ ಮಾಡುತ್ತಿದ್ದೆ, ನಾನೇ ನೋಡಲಿಲ್ಲ. ನೀವು ಹನ್ನೊಂದು ದಿನಕ್ಕೆ ಕೇಳಿದಿರಿ. ನಾನು ವರ್ಷವಿಡೀ ಯಾರನ್ನೂ ಕೇಳಲಿಲ್ಲ."

ಇವರ ಭುಜ ಸಣ್ಣಗೆ ಅಲುಗಿತು. ನಾನು ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು. "ದಾಸವಾಳ ಇಟ್ಟಿದ್ರಲೆ ಅದಕ್ಕೆ," ಎಂದರು. ಆಮೇಲೆ ನಾವು ನಾಲ್ವರೂ ನಕ್ಕೆವು, ಅತ್ತೆ ಕಣ್ಣೊರೆಸಿಕೊಳ್ಳುವಷ್ಟು.

ಮೇಷ್ಟ್ರನ್ನು ಊಟಕ್ಕೆ ನಿಲ್ಲಿಸಿಕೊಂಡೆವು. ನನ್ನ ಶಿಕ್ಷೆಯನ್ನು ಅತ್ತೆ ಆಗಲೇ ನಿಶ್ಚಯಿಸಿದ್ದರು. ಆ ದಿನದ ಬಂಗುಡೆ ಸಾರಿನ ಮಸಾಲೆಯನ್ನು ನಾನು ಅದೇ ಗುಂಡಿನಲ್ಲಿ ಕಡೆಯಬೇಕು. ತೊಳೆದು, ಬಿಸಿನೀರು ಹೊಯ್ದು, ಮತ್ತೆ ತೊಳೆದು ಕೂತೆ. ಅದು ತಿರುಗಲೇ ಒಲ್ಲದು. ಒಂದು ಕಡೆ ಅರೆದರೆ ಇನ್ನೊಂದು ಕಡೆ ಕಾಯಿಚೂರು ಹಾಗೇ ಉಳಿಯುತ್ತಿತ್ತು. ಮುಕ್ಕಾಲು ಗಂಟೆ ಕಡೆದರೂ ಮಸಾಲೆ ತರಿತರಿ. ಮೇಷ್ಟ್ರು ಎರಡು ಸಲ ಸಾರು ಹಾಕಿಸಿಕೊಂಡು "ಬಹಳ ಚೆನ್ನಾಗಿದೆ" ಎಂದರು. ಅತ್ತೆ ಒಂದು ತುತ್ತು ಬಾಯಿಗಿಟ್ಟು, ತುಸು ಅಗಿದು, ಇನ್ನೊಂದು ತುತ್ತಿಗೆ ಬರೀ ಮೀನನ್ನು ತೆಗೆದುಕೊಂಡರು.

ಹೊರಡುವಾಗ ಮೇಷ್ಟ್ರು ಇವರಿಗೆ ಒಂದು ಮಾತು ಹೇಳಿ ಹೋದರು. ಆಕಾಶದ ದೊಡ್ಡ ಕಲ್ಲು ಸಿಗುವುದು ಅಪರೂಪ, ಆದರೆ ಅಲ್ಲಿಯ ಧೂಳು ಎಲ್ಲರ ಮಾಡಿನ ಮೇಲೂ ದಿನಾ ಬೀಳುತ್ತದಂತೆ. ಮಳೆನೀರು ಇಳಿಯುವಲ್ಲಿ ಅಯಸ್ಕಾಂತ ಹಿಡಿದರೆ, ಸಿಕ್ಕಿದ ಸಾವಿರ ಕಣಗಳಲ್ಲಿ ಒಂದೋ ಎರಡೋ ದುಂಡಗಿನವು ನಿಜವಾದವು ಆಗಿರಬಹುದು. "ಆದರೆ ಪಟಾಕಿ, ವೆಲ್ಡಿಂಗ್ ಕಿಡಿ ಕೂಡ ಅಂಥದೇ ಉಂಡೆ ಮಾಡುತ್ತದೆ. ಮೋಸ ಹೋಗಬೇಡಿ."

ಇಷ್ಟು ಸಾಕಾಯಿತು. ಮುಂದಿನ ಮಳೆಗಾಲ ಇವರು ಸೂರಿನ ತಗಡಿನ ದಂಬೆಯಿಂದ ನೀರು ಬೀಳುವ ಜಾಗದಲ್ಲಿ ಬಾಲ್ದಿ ಇಟ್ಟು, ಪ್ಲಾಸ್ಟಿಕ್ ಸುತ್ತಿದ ಅಯಸ್ಕಾಂತವನ್ನು ಅದರಲ್ಲಿ ಮುಳುಗಿಸಿದರು. ಅಂಟಿಕೊಂಡ ಕರಿ ಕೆಸರನ್ನು ಒಣಗಿಸಿ, ಬೈಂದೂರಿನಿಂದ ತಂದ ಭೂತಗನ್ನಡಿಯಲ್ಲಿ ಗಂಟೆಗಟ್ಟಲೆ ಹುಡುಕಿದರು. ಒಂದು ಸಂಜೆ ನನ್ನನ್ನು ಕರೆದರು. ಬಿಳಿ ಕಾಗದದ ಮೇಲೆ, ಸೂಜಿಯ ಮೊನೆ ತಾಗಿಸಿದಷ್ಟು ದೊಡ್ಡದೊಂದು ಕಪ್ಪು ಉಂಡೆ. ಭೂತಗನ್ನಡಿಯಲ್ಲಿ ನೋಡಿದರೆ ದುಂಡಗೆ, ನುಣ್ಣಗೆ, ಎಲ್ಲೂ ಮೂಲೆಯಿಲ್ಲ.

"ಇದ್ ಎಲ್ಲಿಂದ ಬಂದದ್ದ್?" ಎಂದೆ.

ಇವರು ರಸ್ತೆಯ ಆಚೆ ನೋಡಿದರು. ಅಲ್ಲಿ ದೋಣಿಯ ಕಬ್ಬಿಣದ ಸಾಮಾನು ಬೆಸೆಯುವ ಶೆಡ್ಡಿನಲ್ಲಿ ಕಿಡಿ ಹಾರುತ್ತಿತ್ತು. ಆಮೇಲೆ ಮೇಲೆ ನೋಡಿದರು. ಮೋಡ ಕವಿದಿತ್ತು.

"ಗೊತ್ತಿಲ್ಲೆ," ಎಂದರು. ಉಂಡೆಯ ಪಕ್ಕ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಬರೆದು, ಮೇಲೊಂದು ಪಾರದರ್ಶಕ ಟೇಪು ಅಂಟಿಸಿದರು. ಹಿಂದಿನಿಂದ ಅತ್ತೆ ಬಟ್ಟೆ ಒಗೆಯುವುದಕ್ಕೆ ಬಾಲ್ದಿ ಬೇಕೆಂದು ಮೂರನೆಯ ಸಲ ಕೂಗುತ್ತಿದ್ದರು.